ಬೇಚಿರಾಕ್ ಊರಿನ ಹಿಸ್ಟರಿ

ನಮ್ಮ ಕಸುಬಿನಲ್ಲಿ ರೋಗಿಯ ಮಾತು ಕೇಳುವುದಕ್ಕೆ ಹಿಸ್ಟರಿ ತೆಗೆದುಕೊಳ್ಳುವುದು ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಓದುವಾಗ ನಾವು ಹುಡುಗಿಯರು "ಆ ಬೆಡ್ಡಿನ ಮುದುಕಂದು ಹಿಸ್ಟರಿ ತಗೊಂಡಿಯೇನ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು, ಅಂಗಡಿಯಿಂದ ಉಪ್ಪು ತಂದೆಯಾ ಎನ್ನುವ ಧಾಟಿಯಲ್ಲಿ. ಹಾಗೆ ತೆಗೆದುಕೊಂಡ ಲೆಕ್ಕವಿಲ್ಲದಷ್ಟು ಹಿಸ್ಟರಿಗಳಲ್ಲಿ ಒಂದು ಮಾತ್ರ ನಿಜಕ್ಕೂ ಹಿಸ್ಟರಿಯಾಗಿತ್ತು, ಒಂದು ಊರಿನ ಚರಿತ್ರೆ. ಅದನ್ನು ನಾನು ರೋಗ ಎಂದು ಬರೆದೆ.

ಎರಡು ಸಾವಿರದ ಹತ್ತು ದಾಟಿದ ಹೊಸದರ ಮಾತು. ಮ್ಯಾಂಚೆಸ್ಟರಿನ ದಕ್ಷಿಣಕ್ಕಿರುವ ಒಂದು ಆಸ್ಪತ್ರೆಯಲ್ಲಿ, ವಯಸ್ಸಾದವರ ಮನಸ್ಸು ಮತ್ತು ನೆನಪು ನೋಡಿಕೊಳ್ಳುವ ವಾರ್ಡಿನಲ್ಲಿ ನಾನು ಕಿರಿಯ ಡಾಕ್ಟರು. ಸ್ಟಾಕ್‌ಪೋರ್ಟಿನಲ್ಲಿ ಬಾಡಿಗೆ ಮನೆ, ದಿನಾ ಬಸ್ಸು. ನಾನು ವಿಜಯಪುರ ಜಿಲ್ಲೆಯವಳು. ಇಲ್ಲಿಗೆ ಬಂದ ಮೊದಲ ವಾರ ಬಸ್ ಡ್ರೈವರು "ಥ್ಯಾಂಕ್ಯೂ ಲವ್" ಎಂದಾಗ ಕೆಂಡಾಮಂಡಲವಾಗಿದ್ದೆ. ಆಮೇಲೆ ಗೊತ್ತಾಯಿತು, ಈ ಸೀಮೆಯಲ್ಲಿ ತರಕಾರಿಯವನಿಂದ ಹಿಡಿದು ಪೊಲೀಸಿನವನವರೆಗೆ ಎಲ್ಲರಿಗೂ ಎಲ್ಲರೂ ಲವ್ವೇ, ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಯವ್ವಾ ಆಗಿರುವಂತೆ. ಆ ಸಿಟ್ಟು ಇಳಿದ ಮೇಲೆ ಈ ಊರು ನನಗೆ ಹಿಡಿಸತೊಡಗಿತು.

ಅಜ್ಜಿ ನಮ್ಮ ವಾರ್ಡಿಗೆ ಬಂದದ್ದು ಮಾರ್ಚಿನಲ್ಲಿ. ಎಂಬತ್ತು ದಾಟಿದ ಸಣ್ಣ ಆಳು, ದೊಡ್ಡ ದನಿ. ಕಸದ ಡಬ್ಬಿಯನ್ನು ಹೊರಗಿಡಲು ಹೋಗಿ ಹಿತ್ತಲಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಅದರ ಬೆನ್ನಿಗೇ ಮೂತ್ರದ ಸೋಂಕು, ಜ್ವರ. ಮೊದಲ ಎರಡು ದಿನ ಬೆಳಗೋ ಸಂಜೆಯೋ ತಿಳಿಯದೆ, ಹತ್ತಿರ ಹೋದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀರಿನ ರೈಲು ಬಂತಾ?"

ಜ್ವರ ಬಿಟ್ಟಿತು, ಕೈಗೆ ಪ್ಲಾಸ್ಟರ್ ಬಿತ್ತು. ಉಳಿದದ್ದು ಒಂದೇ ಪ್ರಶ್ನೆ. ಇವರು ಒಬ್ಬರೇ ಇರುವ ಮನೆಗೆ ಮರಳಬಹುದೋ, ಇಲ್ಲ ಕೇರ್ ಹೋಮಿಗೆ, ಅಂದರೆ ವೃದ್ಧಾಶ್ರಮಕ್ಕೆ, ಹೋಗಬೇಕೋ? ಅಜ್ಜಿಗೆ ಅನುಮಾನವೇ ಇರಲಿಲ್ಲ. ಆಸ್ಪತ್ರೆಯ ಗೌನಿನ ಮೇಲೆ ತಮ್ಮ ಸ್ವೆಟರ್ ಹಾಕಿಕೊಂಡು, ಅದರ ಜೇಬಿನಲ್ಲಿ ಮನೆಯ ಬೀಗದ ಕೈ ಇಟ್ಟುಕೊಂಡಿದ್ದರು. "ನನ್ನ ಅಡುಗೆಮನೆ, ನನ್ನ ಬಾಗಿಲು. ಬೇರೆಯವರು ಗಂಟೆ ಹೊಡೆದಾಗ ನಾನು ಊಟ ಮಾಡೋಳಲ್ಲ," ಎಂದರು.

ಅವರಿಗೆ ಹತ್ತಿರದವರೆಂದರೆ ತಮ್ಮನ ಮಗಳು ಒಬ್ಬಳೇ. ಲೀಡ್ಸಿನಲ್ಲಿ ಶಾಲೆಯ ಟೀಚರು. ಪ್ರತಿ ಭಾನುವಾರ ಬೆಟ್ಟ ದಾಟಿ ಕಾರು ಓಡಿಸಿಕೊಂಡು ಬರುವ ಒಳ್ಳೆಯ ಹೆಂಗಸು, ಅತ್ತೆ ಮತ್ತೆ ಬಿದ್ದರೆ ಯಾರು ಎತ್ತುತ್ತಾರೆ ಎಂಬ ಭಯದಲ್ಲಿ ಬಳಲಿದ್ದಳು. ಅತ್ತೆಯ ಹಿಂದಿನ ಜೀವನ ಹೇಳಿ ಎಂದು ನಾನು ಕೇಳಿದೆ. ಅವಳು ಹೇಳಿದ್ದು ಐದು ಸಾಲು. ಹುಡುಗಿಯಾಗಿದ್ದಾಗ ಹ್ಯಾಟು ಮಾಡುವ ಕಾರ್ಖಾನೆಯಲ್ಲಿದ್ದರು. ಆಮೇಲೆ ಸುಮಾರು ವರ್ಷ ಇಂಗ್ಲೆಂಡಿನ ಸೌತ್ ಕಡೆ ಎಲ್ಲೋ ಮನೆಗೆಲಸದ ಉಸ್ತುವಾರಿಯಲ್ಲಿದ್ದರಂತೆ. ತಾಯಿ ಹಾಸಿಗೆ ಹಿಡಿದಾಗ ವಾಪಸ್ಸು ಬಂದರು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದರು. ಮದುವೆಯಾಗಲಿಲ್ಲ.

ಅಜ್ಜಿ ನನಗೆ ಹೇಳಿದ ಹಿಸ್ಟರಿಯಲ್ಲಿ ಇದರ ಅರ್ಧವೂ ಇರಲಿಲ್ಲ.

ಅವರ ಪ್ರಕಾರ ಇಪ್ಪತ್ತನೆಯ ವಯಸ್ಸಿನಲ್ಲಿ, ಪಕ್ಕದ ವಿಮಾನನೆಲೆಯಲ್ಲಿದ್ದ ಒಬ್ಬ ಅಮೆರಿಕನ್ ಸೈನಿಕನನ್ನು ಮದುವೆಯಾಗಿ ಅವರು ಹಡಗು ಹತ್ತಿದ್ದರು. ಗಂಡನ ಚಿಕ್ಕಪ್ಪನಿಗೆ ಮರುಭೂಮಿಯ ನಡುವೆ, ಹೆದ್ದಾರಿಯ ಪಕ್ಕದಲ್ಲಿ ಒಂದು ಪೆಟ್ರೋಲ್ ಪಂಪು. ಆ ಪಂಪು, ಒಂದು ಕೆಫೆ, ಎಂಟು ಕೋಣೆಗಳ ಒಂದು ಲಾಡ್ಜು, ಕೆಫೆಯ ಮೂಲೆಯಲ್ಲೇ ಅಂಚೆ ಕಚೇರಿ, ಒಂದು ಕೋಣೆಯ ಶಾಲೆ, ಹತ್ತಾರು ಮನೆ. ಇಷ್ಟೇ ಊರು.

"ನೀರು ರೈಲಲ್ಲಿ ಬರ್ತಿತ್ತು ಲವ್, ವಾರಕ್ಕೆರಡು ಸಲ. ಬರದಿದ್ದ ದಿನ ಪಾತ್ರೆ ಮರಳಲ್ಲಿ ತಿಕ್ಕೋದು, ಮುಖ ಒರೆಸ್ಕೊಳ್ಳೋದು, ಅಷ್ಟೇ," ಎನ್ನುತ್ತಿದ್ದರು. ಪಡುವಲಿಗೆ ಹೋಗುವ ಕಾರುಗಳ ಮೂತಿಗೆ ಕ್ಯಾನ್ವಾಸಿನ ನೀರಿನ ಚೀಲಗಳು ನೇತಾಡುತ್ತಿದ್ದವಂತೆ. ಕಾರಿನ ತಲೆಯ ಮೇಲೆ ಹಾಸಿಗೆ, ಒಳಗೆ ಮಕ್ಕಳು, ಅಜ್ಜಿಯರು, ಒಮ್ಮೊಮ್ಮೆ ಕೋಳಿ. ಇವರು ಕೆಫೆಯಲ್ಲಿ ಸ್ಟಾಕ್‌ಪೋರ್ಟಿನ ತಮ್ಮ ತಾಯಿ ಮಾಡುತ್ತಿದ್ದ, ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸುವ ಪೈ ಮಾಡಿ ಮಾರುತ್ತಿದ್ದರು. ಆ ಉರಿಬಿಸಿಲಲ್ಲಿ ಬಿಸಿ ಪೈ ಯಾರು ತಿನ್ನುತ್ತಾರೆ ಎಂದು ಚಿಕ್ಕಪ್ಪ ನಕ್ಕನಂತೆ. ಒಂದು ವರ್ಷದಲ್ಲಿ ಲಾರಿಯವರು ಆ ಪೈಗೋಸ್ಕರವೇ ಅಲ್ಲಿ ನಿಲ್ಲಿಸತೊಡಗಿದರು. ಇದನ್ನು ಹೇಳುವಾಗ ಅಜ್ಜಿಯ ಗದ್ದ ಸ್ವಲ್ಪ ಮೇಲೇರುತ್ತಿತ್ತು.

ಆಮೇಲೆ ಸರ್ಕಾರ ದಕ್ಷಿಣಕ್ಕೆ ಕೆಲವು ಮೈಲಿ ದೂರದಲ್ಲಿ ಹೊಸ ಅಗಲ ರಸ್ತೆ ಮಾಡಿತು. ವರ್ಷಗಟ್ಟಲೆ ನಡೆದ ಕೆಲಸ. ರಸ್ತೆ ಮಾಡುವ ಕೂಲಿಯವರೆಲ್ಲ ಇವರ ಕೆಫೆಗೇ ಊಟಕ್ಕೆ ಬರುತ್ತಿದ್ದರು. "ನಮ್ಮನ್ನ ಮುಗಿಸೋಕೆ ಬಂದವರಿಗೆ ನಾನೇ ಬಡಿಸಿದೆ. ಒಳ್ಳೆ ಹುಡುಗರು, ಪಾಪ," ಎಂದರು. ಹೊಸ ರಸ್ತೆ ತೆರೆದ ದಿನ ಎಂದಿನಂತೆ ನಲವತ್ತು ಪೈ ಬೇಯಿಸಿಟ್ಟು ಕಾದರಂತೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಾರು ಬಂತು. ಅದೂ ದಾರಿ ತಪ್ಪಿ ಬಂದದ್ದು.

ಅಲ್ಲಿಂದ ಮುಂದಿನದನ್ನು ಅವರು ನಿಧಾನವಾಗಿ ಹೇಳುತ್ತಿದ್ದರು. ಮೊದಲು ಲಾಡ್ಜು ಮುಚ್ಚಿತು. ಶಾಲೆಗೆ ಮೂರೇ ಮಕ್ಕಳು ಉಳಿದಾಗ ಟೀಚರು ಹೋದರು. ಮರದ ಹಲಗೆ ಅಲ್ಲಿ ಸಿಗುವುದೇ ಕಷ್ಟ, ಹಾಗಾಗಿ ಊರು ಬಿಟ್ಟವರು ತಮ್ಮ ಛಾವಣಿಯನ್ನೂ ಬಿಚ್ಚಿ ಲಾರಿಗೆ ಹೇರಿಕೊಂಡು ಹೋದರು. ನೀರಿನ ರೈಲು ವಾರಕ್ಕೊಂದು ಸಲವಾಯಿತು, ಆಮೇಲೆ ಕೇಳಿದಾಗ ಮಾತ್ರ ಬರತೊಡಗಿತು. ಅಂಚೆ ಕಚೇರಿಯ ಮೊಹರನ್ನು ಇವರೇ ಬಟ್ಟೆಯಲ್ಲಿ ಸುತ್ತಿ ವಾಪಸ್ಸು ಕಳಿಸಿದರು. ಕೊನೆಗೆ ಗಂಡ ಹೃದಯಾಘಾತದಿಂದ ತೀರಿಕೊಂಡು ಅಲ್ಲಿಯೇ ಮಣ್ಣಾದ. "ಈಗ ಅಂಥ ಊರುಗಳಿಗೆ ಘೋಸ್ಟ್ ಟೌನ್ ಅಂತಾರೆ. ಎಂಥ ದೆವ್ವ? ಅಲ್ಲಿ ಒಂದು ದೆವ್ವಾನೂ ಇರಲಿಲ್ಲ. ಇದ್ದೋಳು ನಾನೊಬ್ಬಳೇ," ಎಂದು ಸಿಡುಕಿದರು.

ಮನೆಯವರಿಗೆ ಇದೇಕೆ ಗೊತ್ತಿಲ್ಲ ಎಂದು ಕೇಳಿದೆ. ಅದಕ್ಕೂ ಉತ್ತರವಿತ್ತು. ಅಮೆರಿಕದವನ ಜೊತೆ ಓಡಿಹೋದಳೆಂದು ಅಪ್ಪ ಹೆಸರೆತ್ತುವುದನ್ನೇ ಬಿಟ್ಟಿದ್ದ. ಅಮ್ಮ ಬೀದಿಯವರಿಗೆ "ಮಗಳು ಸೌತ್ ಕಡೆ ಕೆಲಸದಲ್ಲಿದ್ದಾಳೆ" ಎಂದು ಹೇಳಿಕೊಂಡು ಬಂದಿದ್ದಳು. "ಇಪ್ಪತ್ತು ವರ್ಷ ಅಮ್ಮ ಜೋಪಾನ ಮಾಡಿದ ಸುಳ್ಳು. ನಾನು ಬಂದು ಅದನ್ನ ಯಾಕೆ ಮುರೀಲಿ? ಅಮ್ಮ ಹೋದ ಮೇಲೆ ಹೇಳಬಹುದಿತ್ತು. ಆಗ ಯಾರೂ ಕೇಳಲಿಲ್ಲ."

ಮರೆತುಹೋದ ಜಾಗವನ್ನು ಮನಸ್ಸು ತಾನೇ ಹೆಣೆದ ಕಥೆಯಿಂದ ತುಂಬಿಕೊಳ್ಳುವುದಕ್ಕೆ ನಾವು ಕನ್‌ಫ್ಯಾಬ್ಯುಲೇಷನ್ ಎನ್ನುತ್ತೇವೆ. ಹೇಳುವವರಿಗೆ ಅದು ಸುಳ್ಳೆಂದು ಗೊತ್ತಿರುವುದಿಲ್ಲ, ಪಾಪ, ಪೂರ್ತಿ ನಂಬಿ ಹೇಳುತ್ತಾರೆ. ನೆನಪಿನ ಕಾಯಿಲೆಯ ದೊಡ್ಡ ಗುರುತುಗಳಲ್ಲಿ ಅದೂ ಒಂದು. ನಮ್ಮ ಕನ್ಸಲ್ಟೆಂಟು, ಅಂದರೆ ವಾರ್ಡಿನ ಹಿರಿಯ ಡಾಕ್ಟರು, ಮೆದು ಮಾತಿನ ಮನುಷ್ಯ. "ಇಂಥ ಕಥೆ ದಿನಕ್ಕೊಂದು ಬಣ್ಣ ತಾಳುತ್ತೆ. ದಿನಾ ಹೋಗಿ ಕೂತು ಕೇಳಿ. ಎಲ್ಲಿ ಬದಲಾಗುತ್ತೆ ನೋಡಿ ಬರೆದಿಡಿ," ಎಂದರು.

ನಾನು ಕೇಳಿದೆ. ಮೂರು ವಾರ, ದಿನಾ ಸಂಜೆ ನಾಲ್ಕಕ್ಕೆ, ಟೀ ಗಾಡಿ ಬರುವ ಹೊತ್ತಿಗೆ ಅವರ ಹಾಸಿಗೆಯ ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಅಜ್ಜಿ ನನಗೆಂದು ಒಂದು ಬಿಸ್ಕತ್ತು ತೆಗೆದಿಡುತ್ತಿದ್ದರು. ಪೈಗಳ ಸಂಖ್ಯೆ ನಲವತ್ತರಿಂದ ಮೂವತ್ತಾಗಲಿಲ್ಲ. ದಾರಿ ತಪ್ಪಿ ಬಂದ ಕಾರಿನ ಬಣ್ಣ ಹಸಿರಿನಿಂದ ನೀಲಿಗೆ ತಿರುಗಲಿಲ್ಲ. ಬುದ್ಧಿಯಿದ್ದವಳಾಗಿದ್ದರೆ ಅಲ್ಲಿಯೇ ನಿಂತು ಯೋಚಿಸುತ್ತಿದ್ದೆ. ನಾನು "ಕಥೆಯನ್ನು ಉರುಹೊಡೆದಂತೆ ಪುನಃ ಪುನಃ ಹೇಳುತ್ತಾರೆ" ಎಂದು ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಎಷ್ಟು ಜಾಣೆ ನಾನು!

ಊರಿನ ಹೆಸರನ್ನು ಹುಡುಕಲಿಲ್ಲವೆಂದಲ್ಲ. ಫೋನಿನ ಮ್ಯಾಪಿನಲ್ಲಿ ಹಾಕಿ ನೋಡಿದೆ, ಇಲ್ಲ. ಕಂಪ್ಯೂಟರಿನಲ್ಲಿ ನೋಡಿದೆ, ಇಲ್ಲ. ಅದು ಸ್ಪ್ಯಾನಿಷ್ ಮೂಲದ ಹೆಸರು. ಅಜ್ಜಿಯ ಸ್ಟಾಕ್‌ಪೋರ್ಟ್ ನಾಲಿಗೆ ಅದರ ಬಾಲವನ್ನು ನುಂಗುತ್ತಿತ್ತು. ನನ್ನ ವಿಜಯಪುರದ ಕಿವಿ ಉಳಿದದ್ದನ್ನು ತನಗೆ ಬೇಕಾದಂತೆ ಕೇಳಿಸಿಕೊಂಡಿತ್ತು. ಅವರ ಬಲಗೈ ಪ್ಲಾಸ್ಟರಿನಲ್ಲಿತ್ತು, ಬರೆದು ತೋರಿಸುವಂತಿರಲಿಲ್ಲ. ಒಂದೊಂದೇ ಅಕ್ಷರ ಹೇಳಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಂಬದ ಊರಿನ ಕಾಗುಣಿತವನ್ನು ಯಾರು ಕೇಳುತ್ತಾರೆ? ಅಂದು ಕಡತದಲ್ಲಿ ಬರೆದೆ: "ಅಸ್ತಿತ್ವದಲ್ಲಿಲ್ಲದ ಊರಿನ ಬಗ್ಗೆ ದೀರ್ಘ ಕನ್‌ಫ್ಯಾಬ್ಯುಲೇಷನ್." ಕೆಳಗೆ ಸಹಿ.

ನೆನಪಿನ ಪರೀಕ್ಷೆಯಲ್ಲಿ ಅವರು ಕೆಲವು ಅಂಕ ಕಳೆದುಕೊಂಡಿದ್ದರು, ಬಹಳವೇನಲ್ಲ. ತಾರೀಖು ತಪ್ಪಿತು. ಒಂದು ವಿಳಾಸ ಹೇಳಿ ಐದು ನಿಮಿಷ ಬಿಟ್ಟು ಕೇಳಿದಾಗ ಅದರಲ್ಲಿ ಎರಡು ಪದ ಬರಲಿಲ್ಲ. ಪ್ರಧಾನಿ ಯಾರು ಎಂದಾಗ "ಯಾರಾದರೇನು, ನಾನು ಓಟು ಹಾಕಿದ್ದು ಅವನಿಗಲ್ಲ" ಎಂದು ಹೆಸರನ್ನೂ ಹೇಳಿ ಮೂಗು ಮುರಿದಿದ್ದರು. ತಕ್ಕಡಿ ಅತ್ತಲೂ ಇತ್ತಲೂ ತೂಗುತ್ತಿತ್ತು. ನನ್ನ ಆ ಒಂದು ಸಾಲು ಬಿದ್ದದ್ದೇ ಕೇರ್ ಹೋಮಿನ ಕಡೆಗೆ ವಾಲಿತು. ಮುಂದಿನ ಗುರುವಾರ ಮೀಟಿಂಗು, ಅಲ್ಲಿ ಕೊನೆಯ ತೀರ್ಮಾನ.

ಮೀಟಿಂಗಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಊರಿಗೆ ಫೋನು ಮಾಡಿದ್ದೆ. ಅಪ್ಪ ತಲಾಟಿಯಾಗಿದ್ದವರು, ಅಂದರೆ ಹಳ್ಳಿಗಳ ಜಮೀನು, ಬೆಳೆ, ಕಂದಾಯದ ಪುಸ್ತಕ ಬರೆಯುವ ನೌಕರ. ನಿವೃತ್ತರಾಗಿ ಎಷ್ಟು ವರ್ಷವಾದರೂ ನಾಲ್ಕು ಮಾತು ಕಳೆಯುವುದರೊಳಗೆ ಸರ್ವೆ ನಂಬರು ಬಂದೇ ಬರುತ್ತದೆ. ಮಾತಿಗೆ ಮಾತು ಬಂದು, ಯಾರು ಎತ್ತ ಎಂದು ಹೇಳದೆ ಅಜ್ಜಿಯ ಕಥೆ ಹೇಳಿದೆ.

"ಅಪ್ಪಾ, ಇಲ್ಲೊಬ್ಬಾಕಿ ಮುದುಕಿ ತಾನು ದೆವ್ವದ ಊರಾಗ ಇದ್ದೆ ಅಂತ ದಿನಾ ಹೇಳತಾಳ ನೋಡು."

"ದೆವ್ವದ ಊರಂದ್ರ?"

"ಮಂದಿ ಎಲ್ಲಾ ಬಿಟ್ಟು ಹೋಗಿರತಾರಲ್ಲ, ಹಂಥಾದ್ದು. ಇಂಗ್ಲೀಷಿನ್ಯಾಗ ಹಂಗ ಅಂತಾರ."

"ಅದಕ್ಕ್ಯಾಕ ದೆವ್ವ ಅಂತೀಯವ್ವಾ. ಬೇಚಿರಾಕ್ ಊರು ಅದು."

ಎಷ್ಟೋ ವರ್ಷದ ಮೇಲೆ ಆ ಪದ ಕಿವಿಗೆ ಬಿದ್ದಿತ್ತು. ಚಿರಾಕ್ ಎಂದರೆ ದೀಪ, ದೀಪ ಹಚ್ಚುವವರಿಲ್ಲದ ಊರು ಬೇಚಿರಾಕ್. ಕಂದಾಯದ ಪುಸ್ತಕದಲ್ಲಿ ಇವತ್ತಿಗೂ ನಡೆಯುವ ಮಾತು. ಅಪ್ಪನ ಕೈಕೆಳಗೆ ಅಂಥ ಎರಡು ಹಳ್ಳಿಗಳಿದ್ದವು. ಒಂದು ನರಪಿಳ್ಳೆಯಿಲ್ಲ, ಒಂದು ಹನುಮಪ್ಪನ ಗುಡಿ, ಒಂದು ಬಾವಿ, ಕುಸಿದ ಗೋಡೆಗಳು. ಆದರೂ ಪ್ರತಿವರ್ಷ ಅಪ್ಪ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗಿ, ಹೊಲಗಳನ್ನು ನೋಡಿ, ಆ ಊರಿನ ಹೆಸರಿನಲ್ಲೇ ಪುಸ್ತಕ ಬರೆಯಬೇಕಿತ್ತು. ಚಿಕ್ಕವಳಿದ್ದಾಗ ಒಮ್ಮೆ ಸೈಕಲ್ಲಿನ ಹಿಂದೆ ಕೂತು ನಾನೂ ಹೋಗಿದ್ದೆ.

"ಆಕೀಗೆ ಹುಚ್ಚು ಹಿಡದೈತಿ ಅಂತ ಹೆಂಗ ತಿಳಕೊಂಡಿ ನೀ?" ಎಂದರು ಅಪ್ಪ.

"ಹುಚ್ಚಲ್ಲಪ್ಪಾ, ಮರವು. ಹಂಥಾ ಊರೇ ಇಲ್ಲ. ಮ್ಯಾಪಿನ್ಯಾಗ ಹುಡುಕೇನಿ."

"ಯಾವ ಮ್ಯಾಪು? ಈಗಿನದ? ಬೇಚಿರಾಕ್ ಊರು ಈಗಿನ ನಕಾಶೆದಾಗ ಹೆಂಗ ಸಿಗತೈತಿ? ಹಳೇ ನಕಾಶೆ ತಗಿ. ಹೆಸರು ಹುಡುಕಬ್ಯಾಡ, ಹೆಸರು ನಂಬಂಗಿಲ್ಲ, ಒಬ್ಬೊಬ್ಬರ ಬಾಯಾಗ ಒಂದೊಂದು ಥರ ಇರತೈತಿ. ದಾರಿ ಹಿಡಿ. ಹಳೇ ದಾರಿ ಹಿಡಕೊಂಡು ಬಟ್ಟು ಇಟಗೋತ ಹೋಗು."

ಅಜ್ಜಿ ಹೇಳಿದ ಹಳೆಯ ಹೆದ್ದಾರಿ ನೆನಪಾಯಿತು. ಅಪ್ಪ ಇನ್ನೂ ಮಾತಾಡುತ್ತಿದ್ದರು, ನನಗೆ ಕೇಳಿಸಲಿಲ್ಲ.

ಆ ದಿನವಿಡೀ ಅಡುಗೆಮನೆಯ ಮೇಜಿನ ಮುಂದೆ ಕೂತೆ. ಅಮೆರಿಕದ ಪೆಟ್ರೋಲ್ ಪಂಪುಗಳಲ್ಲಿ ಪುಕ್ಕಟೆ ಕೊಡುತ್ತಿದ್ದ ಹಳೆಯ ರಸ್ತೆ ನಕಾಶೆಗಳನ್ನು ಯಾರೋ ಪುಣ್ಯಾತ್ಮರು ಕಂಪ್ಯೂಟರಿಗೆ ಏರಿಸಿದ್ದರು. ಹೊಸ ರಸ್ತೆ ಇನ್ನೂ ಹುಟ್ಟದ ಕಾಲದ ನಕಾಶೆ. ಅಪ್ಪ ಹೇಳಿದಂತೆ ಹಳೆಯ ಹೆದ್ದಾರಿಯ ಮೇಲೆ ಬೆರಳಿಟ್ಟು, ಪೂರ್ವದಿಂದ ಪಡುವಲಿಗೆ ಊರಿಂದೂರಿಗೆ ಹೋದೆ. ರೈಲುದಾರಿ ಹೆದ್ದಾರಿಯ ಮಗ್ಗುಲಿಗೆ ಬರುವ ಒಂದು ಕಡೆ, ಸಾಸಿವೆ ಗಾತ್ರದ ಒಂದು ಸುತ್ತು, ಪಕ್ಕದಲ್ಲಿ ಹೆಸರು. ಬಾಯಿಬಿಟ್ಟು ಓದಿದೆ. ಬಾಲ ನುಂಗಿ ಮತ್ತೊಮ್ಮೆ ಓದಿದೆ. ಅಜ್ಜಿಯ ಊರು.

ಸರಿಯಾದ ಕಾಗುಣಿತ ಸಿಕ್ಕ ಮೇಲೆ ಉಳಿದದ್ದು ತಾನಾಗಿ ಬಂತು. ಮುಚ್ಚಿಹೋದ ಅಂಚೆ ಕಚೇರಿಗಳ ಒಂದು ಪಟ್ಟಿಯಲ್ಲಿ ಆ ಹೆಸರಿತ್ತು. ಹಳೆಯ ರಸ್ತೆಗಳ ಹುಚ್ಚಿನವರೊಬ್ಬರ ಪುಟದಲ್ಲಿ ಛಾವಣಿಯಿಲ್ಲದ ಗೋಡೆಗಳ ಚಿತ್ರ, ಕೆಳಗೆ ಎರಡು ಸಾಲು: ಇಲ್ಲಿಗೆ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತು, ಊರು ಬಿಟ್ಟವರು ಛಾವಣಿಯ ಮರವನ್ನೂ ಒಯ್ದರು. ನಾನು ಅತ್ತುಬಿಟ್ಟೆ. ಅಜ್ಜಿಗಾಗಿ ಅತ್ತೆನೋ, ಸಿಕ್ಕಿಬಿದ್ದದ್ದಕ್ಕೆ ಅತ್ತೆನೋ ಗೊತ್ತಿಲ್ಲ, ಎರಡೂ ಇದ್ದವು.

ಸೋಮವಾರ ಎಲ್ಲವನ್ನೂ ಪ್ರಿಂಟು ಹಾಕಿಕೊಂಡು ಕನ್ಸಲ್ಟೆಂಟರ ಕೋಣೆಗೆ ಹೋದೆ. ಅವರು ಒಂದೊಂದೇ ಹಾಳೆ ನೋಡಿ, "ಊರು ಇತ್ತು ಅಂತಾಯಿತು. ಇವರು ಅಲ್ಲಿದ್ದರು ಅಂತ ಹೇಗೆ?" ಎಂದರು. ನ್ಯಾಯವಾದ ಪ್ರಶ್ನೆ. ಮೂರು ವಾರದಲ್ಲಿ ನಾನು ಬರೆದಿಟ್ಟ ಟಿಪ್ಪಣಿಗಳನ್ನು ಪಕ್ಕಕ್ಕಿಟ್ಟೆ. ಅಂಚೆ ಕಚೇರಿ ಮುಚ್ಚಿದ ವರ್ಷ, ರೈಲು, ಛಾವಣಿ, ಎಲ್ಲ ಒಂದಕ್ಕೊಂದು ಕೂಡುತ್ತಿದ್ದವು. ಒಂದು ದಿನವೂ ಒಂದು ವಿವರವೂ ಬದಲಾಗಿರಲಿಲ್ಲ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಆ ಸಾಲು ತೆಗೆದರೆ ಉಳಿಯೋದು ಒಂದು ತಾರೀಖು, ಎರಡು ಪದ. ಒಂದು ತಿಂಗಳು ಈ ವಾರ್ಡಿನಲ್ಲಿದ್ದರೆ ನನಗೂ ತಾರೀಖು ಮರೆತುಹೋಗುತ್ತೆ," ಎಂದರು. ಆಸ್ಪತ್ರೆಯ ಕಡತದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ತಪ್ಪು ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಮಾಡಿದೆ.

ಗುರುವಾರದ ಮೀಟಿಂಗಿಗೆ ಅಜ್ಜಿ ಲಿಪ್‌ಸ್ಟಿಕ್ ಹಾಕಿಕೊಂಡು ಬಂದರು. ಅವರನ್ನು ಕೇಳಿ, ಅವರು ತಲೆಯಾಡಿಸಿದ ಮೇಲೆ, ಆ ಚಿತ್ರವನ್ನು ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿ, ಎಡಗೈ ಬೆರಳಿನಿಂದ ಒಂದು ಗೋಡೆಯನ್ನು ಮುಟ್ಟಿ, "ಒಲೆ ಇಲ್ಲಿತ್ತು," ಎಂದರು.

ಲೀಡ್ಸಿನಿಂದ ಬಂದಿದ್ದ ತಮ್ಮನ ಮಗಳು ಚಿತ್ರವನ್ನೂ ಅತ್ತೆಯನ್ನೂ ನೋಡಿದಳು. "ನಿಮಗೆ ಮದುವೆ ಆಗಿತ್ತಾ?"

"ಹತ್ತೊಂಬತ್ತು ವರ್ಷ. ಒಳ್ಳೆಯವನು. ಗೊರಕೆ ಜಾಸ್ತಿ."

ತಮ್ಮನ ಮಗಳು ನಗಲು ಹೋಗಿ ಅತ್ತಳು. ಅತ್ತೆಯ ಕೈಯನ್ನು ಹಿಡಿದವಳು ಮೀಟಿಂಗು ಮುಗಿಯುವವರೆಗೂ ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಹಾಯದವರು ಬಂದು ಹೋಗುವುದೆಂದೂ, ಕುತ್ತಿಗೆಗೆ ಒಂದು ಅಲಾರಂ ಗುಂಡಿ ಹಾಕಿಕೊಳ್ಳುವುದೆಂದೂ, ಅಜ್ಜಿ ಸ್ವಂತ ಮನೆಗೇ ಹೋಗುವುದೆಂದೂ ತೀರ್ಮಾನವಾಯಿತು. "ಗುಂಡಿ ಹಾಕ್ಕೊಳ್ತೀನಿ. ಒತ್ತೋದು ಬಿಡೋದು ನನ್ನಿಷ್ಟ," ಎಂದರು ಅಜ್ಜಿ.

ಮಾರನೆಯ ದಿನ ಟ್ಯಾಕ್ಸಿಗೆ ಕಾಯುತ್ತ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ನೈಟಿ ಮಡಿಸಲು ಒದ್ದಾಡುತ್ತಿದ್ದರು. ನಾನು ಮಡಿಸಿಕೊಟ್ಟೆ. ಅವರು ನನ್ನ ಮುಖ ನೋಡದೆ ಕೇಳಿದರು, "ಹಾಗಾದ್ರೆ ಇಷ್ಟು ದಿನ ನಾನು ಹೇಳಿದ್ದೆಲ್ಲ ನಿನಗೆ ಕಾಯಿಲೆ ಅನಿಸ್ತಿತ್ತಾ ಲವ್?"

ಸುಳ್ಳು ಹೇಳಬಹುದಿತ್ತು. "ಹೌದು. ನಂಬಿರಲಿಲ್ಲ. ನನ್ನದು ತಪ್ಪು. ಕ್ಷಮಿಸಿ," ಎಂದೆ.

ಅವರು ನೈಟಿಯನ್ನು ಚೀಲದೊಳಗಿಟ್ಟರು. ಆಮೇಲೆ ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಬೆರಳುಗಳಿಂದ ನನ್ನ ಮುಂಗೈ ತಟ್ಟಿದರು.

"ಅಲ್ಲಿ ನನ್ನ ಜೊತೆ ಇದ್ದೋರೆಲ್ಲ ಹೋಗಿಬಿಟ್ರು. ಇಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಊರಿನ ಮಾತನ್ನ ಇಷ್ಟು ಹೊತ್ತು ಕೂತು ಕೇಳಿದೋಳು ನೀನೊಬ್ಬಳೇ. ನಂಬಿಕೆ ಇರಲಿಲ್ಲ ಅಂತೀಯ. ಆದ್ರೂ ದಿನಾ ಬಂದ್ಯಲ್ಲ, ಬರೀ ಪ್ರೀತಿಗೆ."

ನಾನು ದಿನಾ ಬಂದು ಕೂತದ್ದು ಅವರ ಮಾತು ಎಲ್ಲಿ ತಪ್ಪುತ್ತದೆಂದು ಹಿಡಿಯಲು. ಅದನ್ನು ಹೇಳಲು ಬಾಯಿ ತೆರೆದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು, ಸಂತೋಷವಾಗಿದ್ದರು. ಬಾಯಿ ಮುಚ್ಚಿಕೊಂಡು, ಅವರ ಚೀಲ ಎತ್ತಿಕೊಂಡು, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಟ್ಯಾಕ್ಸಿಯವರೆಗೆ ನಡೆದೆ.